ಗಂಧ ಒಂಟಿಯಾಗಿ ಬದುಕದು

ಸಂಡೂರಿನ ಗಣಿ ಮಾಲೀಕರೇ, ಅರಣ್ಯಾಧಿಕಾರಿಗಳೇ, ಗಣಿಯ ತ್ಯಾಜ್ಯ ಸುರಿದ ದಿಬ್ಬದ ಮೇಲೆ ಸಸಿಗೆ ಗುಂಡಿ ತೋಡಿಸುವ ಗುತ್ತಿಗೆದಾರರೇ, ಒಂದು ಮರದ ಪರವಾಗಿ ನಿಮ್ಮಲ್ಲಿ ಮಾತಾಡಬೇಕಿದೆ. ಸೋಪಿನ ಹೊದಿಕೆಯಲ್ಲಿ, ಸನ್ಮಾನದ ಹಾರದಲ್ಲಿ, ನಾಡಿನ ಬಿರುದಿನಲ್ಲಿ ಘಮಘಮಿಸುವ ಶ್ರೀಗಂಧ ಕಾಡಿನಲ್ಲಿ ಮಾತ್ರ ಕಣ್ಮರೆಯಾಗುತ್ತಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿ 1998ರಲ್ಲೇ ಅದನ್ನು ಅಪಾಯಕ್ಕೀಡಾಗಬಲ್ಲ ಮರವೆಂದು ಗುರುತಿಸಿತು.

2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಸಂಡೂರೂ ಸೇರಿದಂತೆ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನ ಪ್ರಕಾರ, ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಒಪ್ಪಿಕೊಂಡವರಿಗಷ್ಟೇ ಮತ್ತೆ ಅದಿರು ತೆಗೆಯುವ ಅವಕಾಶ. ಆ ಯೋಜನೆಯೆಂದರೆ ತಡೆಗೋಡೆ, ಚೆಕ್‌ಡ್ಯಾಂ, ಕಾಲುವೆ, ಸಸಿ. ಗೋಡೆಯನ್ನು ಟೇಪು ಹಿಡಿದು ಅಳೆಯಬಹುದು. ಕಾಡನ್ನು ಅಳೆಯುವುದು ಹೇಗೆ? ಸಸಿ ಎಣಿಸಿದ್ದೇ ಅಳತೆಯಾಯಿತು. ಬೇಗ ಹಸಿರು ಕಂಡರೆ ಸಾಕೆಂಬ ಕಡೆಯಲ್ಲೆಲ್ಲ ಅಕೇಶಿಯಾ, ಗ್ಲಿರಿಸಿಡಿಯಾಗಳದೇ ದರಬಾರು.

ಶ್ರೀಗಂಧ ಈ ಲೆಕ್ಕಕ್ಕೆ ಸಿಗುವ ಜಾತಿಯಲ್ಲ. ಅದು ಅರೆಪರಾವಲಂಬಿ. ಎಲೆಯಲ್ಲಿ ಆಹಾರ ಮಾಡಿಕೊಳ್ಳುತ್ತದೆ, ಆದರೆ ನೀರು, ಲವಣಗಳಿಗಾಗಿ ಪಕ್ಕದ ಗಿಡದ ಬೇರಿಗೆ ತನ್ನ ಬೇರು ಅಂಟಿಸಿ ಹೀರುತ್ತದೆ. ನರ್ಸರಿಯವರು ಚೀಲದಲ್ಲಿ ಅದರ ಜೊತೆಗೊಂದು ತೊಗರಿ ಬೀಜ ಊರುವುದು ಇದಕ್ಕೇ. ಆಮೇಲೆ ಹೊಂಗೆಯೋ ಜಾಲಿಯೋ ನೆರೆಯಲ್ಲಿರಬೇಕು. ಮೂರು ಮೀಟರಿಗೊಂದರಂತೆ ಬರಡು ದಿಬ್ಬದಲ್ಲಿ ಒಂಟಿಯಾಗಿ ನೆಟ್ಟರೆ ಕಡತದಲ್ಲಿ ಬದುಕೀತು, ನೆಲದಲ್ಲಿ ಸೊರಗೀತು. ಪಾಪ, ಅದರದೇನು ತಪ್ಪು? ನೆಂಟರಿಲ್ಲದ ಊರಿಗೆ ಸೊಸೆಯನ್ನು ಕಳಿಸಿದವರು ನಾವು.

ಹಾಗಾಗಿ ಕೇಳುತ್ತಿದ್ದೇನೆ: ಜೆಸಿಬಿ ಹತ್ತುವ ಮೊದಲು, ಅಗೆಯಲಿರುವ ಗುಡ್ಡವನ್ನು ಒಮ್ಮೆ ನಡೆದು ನೋಡಿ. ಪೊದೆಯ ಮರೆಯಲ್ಲಿ ಗಂಧದ ಗಿಡವೊಂದಿದ್ದರೆ ಅದು ಯಾವ ಮರದ ಬುಡದಲ್ಲಿದೆ ಎಂದೂ ಬರೆದುಕೊಳ್ಳಿ. ಕಪ್ಪಗೆ ಹಣ್ಣಾದಾಗ ಬೀಜ ಆರಿಸಿ. ಹಕ್ಕಿಗಳಿಗೂ ಒಂದಿಷ್ಟು ಬಿಡಿ, ಅವುಗಳಷ್ಟು ಚೆನ್ನಾಗಿ ಬಿತ್ತಲು ನಮಗಾರಿಗೂ ಬಾರದು. ಮೇಲ್ಮಣ್ಣನ್ನು ಬೇರೆಯಾಗಿ ಎತ್ತಿಟ್ಟು, ಅದರ ಜೀವ ಆರುವ ಮೊದಲೇ ದಿಬ್ಬಕ್ಕೆ ಹರಡಿ. ಮೊದಲು ಹುಲ್ಲು, ಬಂದರಿಕೆ, ಹೊಂಗೆ, ದಿಂಡಿಗ ಬೇರೂರಲಿ. ಅವುಗಳ ನಡುವೆ ಗಂಧ ಬರಲಿ.

ಕಳ್ಳರ ಕಾಟಕ್ಕೆ ಗಂಧ ನೆಡುವುದೇ ಬೇಡ ಎನ್ನುವವರಿದ್ದಾರೆ. ಗಂಧಕ್ಕೆ ಹೆದರುವುದು ಹಳೆಯ ಕತೆ. ತನ್ನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿಯನ್ನು ರೈತನೇ ಕಿತ್ತೆಸೆಯುತ್ತಿದ್ದ ಕಾಲವಿತ್ತು, ಏಕೆಂದರೆ ಮರ ಸರ್ಕಾರದ್ದು, ತಾಪತ್ರಯ ಮಾತ್ರ ಅವನದು. ಮರ ಬೆಳೆದವನಿಗೆ ಸೇರುವಂತೆ ಕಾಯ್ದೆ ತಿದ್ದಿದ್ದು 2001ರಲ್ಲಿ. ಇನ್ನು ಕಳ್ಳ ಬರುವುದು ಚೇಗಿಗೆ, ಅಂದರೆ ಮರದೊಳಗಿನ ಗಟ್ಟಿ ತಿರುಳಿಗೆ. ಚೇಗು ಕಟ್ಟಲು ಹತ್ತು ಹದಿನೈದು ವರ್ಷವಾದರೂ ಬೇಕು. ಅಷ್ಟರೊಳಗೆ ಕಾವಲಿನ ವ್ಯವಸ್ಥೆ ಮಾಡಲಾಗದಷ್ಟು ಬಡವರೇ, ಬೆಟ್ಟ ಮಾರಿದ ನಾವು?

ಸಂಡೂರು ಸೀಮೆಯ ದೋಣಿಮಲೈ, ರಾಮಗಡದ ಸುತ್ತಲಿನ ಊರಿನವರೇ, ದನ ಮೇಯಿಸಿ, ಸೌದೆ ತಂದ ನಿಮಗೆ ಯಾವ ಹಳ್ಳದ ದಂಡೆಯಲ್ಲಿ ಯಾವ ಗಿಡವಿತ್ತೆಂಬುದು ಗೊತ್ತು. ಯೋಜನೆ ಬರೆಯುವವರು ನಿಮ್ಮನ್ನು ಕೇಳದಿದ್ದರೆ ನೀವೇ ಹೋಗಿ ಹೇಳಿ. ಮುಂದಿನ ಮಳೆಗಾಲದ ಸಸಿಗಳ ಪಟ್ಟಿ ಅಂತಿಮವಾಗುವ ಮುನ್ನ, ಅದನ್ನು ನಿಮ್ಮೆದುರು ಗಟ್ಟಿಯಾಗಿ ಓದಿಸಿ.