ಬಂಡೆಯ ಮೇಲಣ ತಾಯಿ: ರಿಚ್ಪಳ ಕಥನದ ಮರುಓದು

ಬೈಬಲ್ಲಿನ ಕನ್ನಡ ಅನುವಾದವನ್ನು ನಮ್ಮ ವಿಭಾಗಗಳಲ್ಲಿ ಪ್ರಸ್ತಾಪಿಸುವುದು ಬಹುಮಟ್ಟಿಗೆ ಗದ್ಯದ ಚರಿತ್ರೆಯ ಅಂಗವಾಗಿ ಮಾತ್ರ. ಬಳ್ಳಾರಿಯ ಜಾನ್ ಹ್ಯಾಂಡ್ಸ್, ಮಂಗಳೂರಿನ ಬಾಸೆಲ್ ಮಿಷನ್, ಮುದ್ರಣದ ಆರಂಭ, ಕಿಟ್ಟೆಲ್ಲರ 1894ರ ನಿಘಂಟು ಎಂದು ಹೇಳಿ ಮುಂದಿನ ಅಧ್ಯಾಯಕ್ಕೆ ಸಾಗುವುದು ರೂಢಿ. ಆ ಗ್ರಂಥದ ಕಥನಗಳನ್ನು ಕಥನಗಳಾಗಿ ಓದುವ ಹೊಣೆಯನ್ನು ಚರ್ಚಿನ ಬೋಧಕರಿಗೆ ಬಿಟ್ಟುಕೊಟ್ಟಿದ್ದೇವೆ. ಅಲ್ಲಿಯೂ ಹೆಚ್ಚಾಗಿ ಕೇಳಿಬರುವ ಹೆಸರುಗಳು ಸಾರಾ, ರೂತ್, ಎಸ್ತೇರ್, ಮರಿಯ. ಹಳೆಯ ಒಡಂಬಡಿಕೆಯ ನೊಂದ ಹೆಂಗಸರನ್ನು ವಿದ್ವತ್ತಿನ ಮುಂದೆ ತಂದು ನಿಲ್ಲಿಸಿದ ಫಿಲಿಸ್ ಟ್ರಿಬಲ್ ಅವರ 1984ರ ಪ್ರಸಿದ್ಧ ಕೃತಿಯು ಅಧ್ಯಾಯಗಳನ್ನು ಮೀಸಲಿಟ್ಟ ನಾಲ್ವರಲ್ಲಿಯೂ ರಿಚ್ಪಳು ಇಲ್ಲ.

ಸಮುವೇಲನ ಎರಡನೆಯ ಪುಸ್ತಕದಲ್ಲಿ ಅವಳು ಎರಡು ಬಾರಿ ಕಾಣಿಸಿಕೊಳ್ಳುತ್ತಾಳೆ. ಮೂರನೆಯ ಅಧ್ಯಾಯದಲ್ಲಿ ಅವಳು ಸತ್ತುಹೋದ ಅರಸ ಸೌಲನ ಉಪಪತ್ನಿ; ಸೇನಾಪತಿ ಅಬ್ನೇರನು ಅವಳನ್ನು ಕೂಡಿದನೆಂಬ ಆರೋಪದಿಂದ ಸೌಲನ ಮನೆತನವೇ ಒಡೆಯುತ್ತದೆ. ಆರೋಪ ನಿಜವೋ ಸುಳ್ಳೋ ಎಂಬುದನ್ನು ಕಥನಕಾರನು ಹೇಳುವುದಿಲ್ಲ, ಅವಳನ್ನು ಯಾರೂ ಕೇಳುವುದೂ ಇಲ್ಲ. ಇಪ್ಪತ್ತೊಂದನೆಯ ಅಧ್ಯಾಯದ ವೇಳೆಗೆ ದಾವೀದನ ಆಳ್ವಿಕೆಯಲ್ಲಿ ಮೂರು ವರ್ಷಗಳ ಬರ. ಸೌಲನು ಗಿಬ್ಯೋನ್ಯರನ್ನು ಕೊಲ್ಲಿಸಿದ ರಕ್ತಾಪರಾಧವೇ ಇದಕ್ಕೆ ಕಾರಣವೆಂಬ ದೈವೋತ್ತರ ಬರುತ್ತದೆ. ಗಿಬ್ಯೋನ್ಯರು ಸೌಲನ ವಂಶದ ಏಳು ಗಂಡಸರನ್ನು ಕೇಳುತ್ತಾರೆ. ಅರಸನು ಒಪ್ಪಿಸುತ್ತಾನೆ. ಅವರಲ್ಲಿ ಇಬ್ಬರು ರಿಚ್ಪಳ ಮಕ್ಕಳು. ಜವೆಗೋಧಿಯ ಸುಗ್ಗಿಯ ಆರಂಭದಲ್ಲಿ ಏಳೂ ಮಂದಿಯನ್ನು ಬೆಟ್ಟದ ಮೇಲೆ ಕೊಂದು ಅಲ್ಲಿಯೇ ಬಿಡಲಾಗುತ್ತದೆ.

ಆಗ ರಿಚ್ಪಳು ಗೋಣಿತಟ್ಟನ್ನು ಬಂಡೆಯ ಮೇಲೆ ಹಾಸಿಕೊಂಡು ಕೂರುತ್ತಾಳೆ. ಶವಗಳ ಮೇಲೆ ಆಕಾಶದಿಂದ ಮಳೆ ಸುರಿಯುವವರೆಗೆ ಹಗಲು ಹಕ್ಕಿಗಳನ್ನೂ ಇರುಳು ಕಾಡುಮೃಗಗಳನ್ನೂ ಹತ್ತಿರ ಸುಳಿಯಗೊಡುವುದಿಲ್ಲ. ಅದು ವಾಡಿಕೆಯ ಹಿಂಗಾರು ಮಳೆಯಾಗಿದ್ದರೆ ಐದಾರು ತಿಂಗಳ ಕಾವಲು. ಅಕಾಲದ ಮಳೆ ಎಂದು ಅರ್ಥೈಸಿ ಅವಧಿಯನ್ನು ಕುಗ್ಗಿಸುವವರೂ ಉಂಟು. ಗೋಣಿತಟ್ಟು ದುಃಖಿಗಳು ಉಡುವ ವಸ್ತ್ರ. ಇವಳು ಅದನ್ನು ಉಟ್ಟಳೆಂದು ಪಠ್ಯವು ಹೇಳುವುದಿಲ್ಲ, ಹಾಸಿದಳೆಂದು ಹೇಳುತ್ತದೆ. ಶೋಕದ ಉಡುಪು ಇಲ್ಲಿ ಕಾವಲಿನ ನೆಲೆಯಾಗಿದೆ.

ಈ ಪ್ರಸಂಗವನ್ನು ಮಾತೃವಾತ್ಸಲ್ಯದ ಉದಾಹರಣೆಯಾಗಿ ಓದುವುದು ಸುಲಭ. ಟೆನಿಸನ್ 1880ರಲ್ಲಿ ಅವಳ ಹೆಸರಿನ ಕವಿತೆಯನ್ನು ಬರೆದಾಗಲೂ ಮಗನನ್ನು ಗಲ್ಲಿಗೆ ಕಳೆದುಕೊಂಡ ತಾಯಿಯನ್ನೇ ಕಂಡನು. ಈ ಓದು ಸುಳ್ಳಲ್ಲವಾದರೂ ಅಪೂರ್ಣವಾದುದು. ಅವಳು ಕಾದದ್ದು ತನ್ನ ಇಬ್ಬರನ್ನು ಮಾತ್ರವಲ್ಲ, ಏಳೂ ಮಂದಿಯನ್ನು. ಉಳಿದ ಐವರು ಸೌಲನ ಮಗಳ ಮಕ್ಕಳು.

ಪಠ್ಯದ ರಚನೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ಗಮನಿಸಬೇಕು. ಬರದ ಕಾರಣವನ್ನು ದಾವೀದನು ದೇವರಲ್ಲಿ ಕೇಳುತ್ತಾನೆ. ಪರಿಹಾರವನ್ನು ಗಿಬ್ಯೋನ್ಯರಲ್ಲಿ ಕೇಳುತ್ತಾನೆ. ಏಳು ಜೀವಗಳನ್ನು ಯೆಹೋವನು ಬೇಡಿದನೆಂಬ ಮಾತು ಎಲ್ಲಿಯೂ ಇಲ್ಲ. ತಂದೆಯ ಪಾಪಕ್ಕಾಗಿ ಮಕ್ಕಳನ್ನು ಕೊಲ್ಲಬಾರದು, ತೂಗುಹಾಕಿದ ಹೆಣವನ್ನು ರಾತ್ರಿಯವರೆಗೆ ಬಿಡಬಾರದು ಎಂಬ ಎರಡು ವಿಧಿಗಳು ಧರ್ಮೋಪದೇಶಕಾಂಡದಲ್ಲಿವೆ. ಎರಡೂ ಇಲ್ಲಿ ಮುರಿದಿವೆ. ಇದಕ್ಕಿಂತ ಮುಖ್ಯವಾದುದು ಮುಂದಿನದು. ಮರಣದಂಡನೆಯಾದೊಡನೆ ದೇವರು ನಾಡಿನ ಮೊರೆಯನ್ನು ಕೇಳಿದನೆಂದು ಕಥನ ಹೇಳುವುದಿಲ್ಲ. ರಿಚ್ಪಳು ಮಾಡಿದ್ದು ಅರಸನ ಕಿವಿಗೆ ಬಿದ್ದು, ಅವನು ಯಾಬೇಷ್ ಗಿಲ್ಯಾದಿನಿಂದ ಸೌಲ ಯೋನಾತಾನರ ಎಲುಬುಗಳನ್ನು ತರಿಸಿ, ಕೊಲ್ಲಲ್ಪಟ್ಟವರ ಎಲುಬುಗಳನ್ನೂ ಕೂಡಿಸಿ, ಸೌಲನ ತಂದೆ ಕೀಷನ ಸಮಾಧಿಯಲ್ಲಿ ಹೂಳುವ ಏರ್ಪಾಡಾದ ಮೇಲೆಯೇ ಆ ವಾಕ್ಯ ಬರುತ್ತದೆ. ದೈವಚಿತ್ತವನ್ನು ಅರಸನು ಓದಿದ ಬಗೆಯನ್ನು ಅಧಿಕಾರವಿಲ್ಲದ ವಿಧವೆಯೊಬ್ಬಳು ತನ್ನ ಮೈಯಿಂದಲೇ ತಿದ್ದಿದಳೆಂದು ನಾನು ತಿಳಿಯುತ್ತೇನೆ. ಅವಳ ಕಥೆಯ ಆಧ್ಯಾತ್ಮಿಕ ಅರ್ಥವನ್ನು ಸಹನೆಯಲ್ಲಲ್ಲ, ಈ ತಿದ್ದುಪಡಿಯಲ್ಲಿ ಹುಡುಕಬೇಕು.

ಅಧ್ಯಾತ್ಮವೆಂದೊಡನೆ ಕನ್ನಡದ ಓದುಗರಾದ ನಮಗೆ ನೆನಪಾಗುವವರು ನುಡಿದವರು. ಅಕ್ಕನಿಗೆ ವಚನವಿದೆ. ಹರಿಶ್ಚಂದ್ರಕಾವ್ಯದ ಸುಡುಗಾಡಿನಲ್ಲಿ ಲೋಹಿತಾಶ್ವನ ಶವದೊಡನೆ ನಿಂತ ಚಂದ್ರಮತಿಗೆ ರಾಘವಾಂಕನು ಪ್ರಲಾಪವನ್ನಾದರೂ ಕೊಟ್ಟಿದ್ದಾನೆ. ಕೊನೆಗೆ ಮಗನನ್ನೂ ಮರಳಿ ಕೊಟ್ಟಿದ್ದಾನೆ. ರಿಚ್ಪಳಿಗೆ ಇಡೀ ಬೈಬಲ್ಲಿನಲ್ಲಿ ಒಂದು ಮಾತೂ ಇಲ್ಲ, ಅವಳ ಮಕ್ಕಳು ಏಳುವುದೂ ಇಲ್ಲ. ನುಡಿಯನ್ನೇ ಅನುಭಾವದ ಸಾಕ್ಷ್ಯವಾಗಿ ಹಿಡಿಯುವ ನಮ್ಮ ವಿಮರ್ಶಾ ಪರಿಭಾಷೆ ಇಂಥ ಮೌನದ ಮುಂದೆ ತೊಡಕಿಗೆ ಸಿಲುಕುತ್ತದೆ. ಇವಳನ್ನು ಪಠ್ಯಕ್ರಮದಲ್ಲಿ ಚಂದ್ರಮತಿಯ ಪಕ್ಕದಲ್ಲಿಡಬೇಕೆಂದು ನಾನು ಹೇಳುವುದು ಸರ್ವಧರ್ಮ ಸಮನ್ವಯದ ಔಪಚಾರಿಕತೆಗಾಗಿ ಅಲ್ಲ, ಈ ತೊಡಕಿಗಾಗಿ.

ಒಂದು ಎಚ್ಚರವೂ ಅಗತ್ಯ. ಅರ್ಥವನ್ನು ಹುಡುಕುವ ಭರದಲ್ಲಿ ಕೊಲೆಯನ್ನು ಪಾವನಗೊಳಿಸಬಾರದು. ಈ ಏಳು ಮಂದಿಯ ಸಾವಿನಿಂದ ದಾವೀದನ ಸಿಂಹಾಸನಕ್ಕೆ ಪ್ರತಿಸ್ಪರ್ಧಿಗಳಾಗಬಹುದಾದವರು ಇಲ್ಲವಾದರೆಂಬುದು ನಿಜ. ಸೌಲನ ಮನೆತನದ ರಕ್ತ ದಾವೀದನ ಮೇಲಿದೆಯೆಂದು ಅದೇ ಪುಸ್ತಕದ ಹದಿನಾರನೆಯ ಅಧ್ಯಾಯದಲ್ಲಿ ಶಿಮ್ಮೀ ಎಂಬವನು ಬಹಿರಂಗವಾಗಿ ಶಪಿಸುತ್ತಾನೆ.

ಗ್ರಂಥಸಂಪಾದನೆಯಲ್ಲಿ ಆಸಕ್ತರಾದವರಿಗೆ ಇನ್ನೊಂದು ಸಂಗತಿ. ಆ ಐವರು ಮಕ್ಕಳ ತಾಯಿಯ ಹೆಸರು ಬಹುತೇಕ ಹೀಬ್ರೂ ಹಸ್ತಪ್ರತಿಗಳಲ್ಲಿ ಮೀಕಲ್ ಎಂದಿದೆ. ಮೀಕಲಳಿಗೆ ಸಾಯುವವರೆಗೆ ಮಕ್ಕಳಿರಲಿಲ್ಲವೆಂದು ಅದೇ ಪುಸ್ತಕದ ಆರನೆಯ ಅಧ್ಯಾಯ ಹೇಳುತ್ತದೆ. ಕೆಲವು ಹೀಬ್ರೂ ಮತ್ತು ಗ್ರೀಕ್ ಪ್ರತಿಗಳ ಪಾಠ ಮೇರಬ್. ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವುದು ಇದನ್ನೇ. ದಾವೀದನಿಗೆ ಕೊಡುವೆನೆಂದು ಹೇಳಿ ಸೌಲನು ಅದ್ರೀಯೇಲನಿಗೆ ಮದುವೆ ಮಾಡಿಕೊಟ್ಟ ಮಗಳು ಈ ಮೇರಬಳು. ಐವರು ಮಕ್ಕಳನ್ನು ಕಳೆದುಕೊಂಡ ಅವಳು ಬದುಕಿದ್ದಳೇ, ಬೆಟ್ಟದ ಬಳಿಗೆ ಬಂದಳೇ ಎಂಬುದರ ಬಗ್ಗೆ ಪಠ್ಯದಲ್ಲಿ ಒಂದಕ್ಷರವೂ ಇಲ್ಲ.