ತೋಳನನ್ನು ದೂರುವವರಿಗೆ

ಕುರಿದೊಡ್ಡಿಗೆ ತೋಳ ನುಗ್ಗಿತೆಂದರೆ ನಮ್ಮ ಸೀಮೆಯ ಜನರು ಕೊಡಲಿಯನ್ನು ಹುಡುಕುವರು. ಓದಿದವರು ಹವಾಮಾನದ ವೈಪರೀತ್ಯವೆಂದು ನಿಟ್ಟುಸಿರಿಡುವರು. ಎರಡನ್ನೂ ನಾವು ಒಪ್ಪಲಾರೆವು.

ಭೂಮಿ ಕಾಯುತ್ತಿರುವುದು, ಮಳೆ ಕ್ರಮ ತಪ್ಪಿರುವುದು ದಿಟವೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಹುಲ್ಲು ಒಣಗಿದರೆ ಮೊಲ, ಕೃಷ್ಣಮೃಗಗಳು ಕ್ಷೀಣಿಸುವುವು; ಬೇಟೆ ತಪ್ಪಿದ ತೋಳ ಕುರಿಯತ್ತ ತಿರುಗುವುದು. ಆದರೆ ಬರವು ಹಿಂದೆಯೂ ಇದ್ದಿತಲ್ಲವೆ? ಆಗ ಇಲ್ಲಿ ಮೇವು ಬತ್ತಿದರೆ ಮೃಗವು ಇನ್ನೊಂದು ಬಯಲಿಗೆ ಹೋಗುತ್ತಿತ್ತು. ಈಗ ಹೋಗುವುದೆಲ್ಲಿಗೆ? 1953ರ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ನಾಲೆಯು ಗೊರೇಬಾಳ, ಸಿಂಧನೂರುಗಳ ಸೀಮೆಗೆ ಅನ್ನವಿತ್ತಿತು, ಅದಕ್ಕೆ ಕೃತಘ್ನರಾಗಲಾಗದು. ಆದರೆ ನೀರು ಹತ್ತದ ದಿಬ್ಬವನ್ನೂ ಗೋಮಾಳವನ್ನೂ ಉತ್ತವರು ನಾವೇ, ಸೂರ್ಯನಲ್ಲ. ಕೃಷ್ಣಮೃಗವು ಸಹಜವಾಗಿ ಸಂಚರಿಸುವ ದೇಶವೇ ಯಜ್ಞಯೋಗ್ಯವೆಂಬುದು ಮನುವಿನ ಮತ. ಈ ಬತ್ತದ ಬಯಲಿನಲ್ಲಿ ಹೋಮಕ್ಕೆ ಕೂಡುವ ಪುರೋಹಿತರು ಏನೆನ್ನುವರೋ!

ಗಂಗಾವತಿ ತಾಲ್ಲೂಕಿನ ಬಂಕಾಪುರದ ತೋಳಧಾಮವು ಮೆಚ್ಚತಕ್ಕದ್ದೇ. ಆದರೆ ಕೆಲವು ನೂರು ಎಕರೆಗಳು ತೋಳನ ಒಂದು ರಾತ್ರಿಯ ಸಂಚಾರಕ್ಕೂ ಸಾಲವು. ಉಳಿದ ಗೋಮಾಳಗಳನ್ನು ಇನ್ನಾದರೂ ಯಾರಿಗೂ ಹಂಚಕೂಡದು. ತೋಳ ತಿಂದ ಕುರಿಯ ಬೆಲೆಯನ್ನು ಕುರುಬನಿಗೆ ಸರಕಾರವು ಕೊಡತಕ್ಕದ್ದು. ಅದೂ ಅವನನ್ನು ಕಚೇರಿಯಿಂದ ಕಚೇರಿಗೆ ಅಲೆಸದೆ, ಆ ವಾರದಲ್ಲಿಯೇ.