ಟವರ್ ಯಾರದ್ದು, ಕರೆನ್ಸಿ ಎಷ್ಟು?

2024ರ ಜುಲೈ 3ರಂದು ಜಿಯೊ, ಏರ್‌ಟೆಲ್ ಎರಡೂ ದರ ಏರಿಸಿದವು. ಮಾರನೆಯ ದಿನ ವೊಡಾಫೋನ್ ಐಡಿಯಾ, ಅಂದರೆ ಈಗಿನ ವಿ, ಏರಿಸಿತು. ಅಲ್ಲಿಗೆ ಮೂರೂ ಕಡೆ 28 ದಿನಕ್ಕೆ 299 ರೂಪಾಯಿಯ ಪ್ಲಾನ್ ಬಂದು ಕೂತಿತು. ಜಿಯೊ ದಿನಕ್ಕೆ ಒಂದೂವರೆ ಜಿಬಿ ಕೊಟ್ಟರೆ ಉಳಿದೆರಡು ಒಂದು ಜಿಬಿ ಕೊಟ್ಟವು. ಅಷ್ಟೇ ವ್ಯತ್ಯಾಸ. "ಯಾವ ಸಿಮ್ ಅಗ್ಗ?" ಎಂದು ಯಾರಾದರೂ ಕೇಳಿದರೆ ಅಂದಿನಿಂದ ನನ್ನದು ಒಂದೇ ಮಾತು: ಅದು ಆಮೇಲೆ, ನಿಮ್ಮ ಅಡುಗೆಮನೆಯಲ್ಲಿ ಯಾರ ಟವರ್ ಸಿಗುತ್ತದೆ ಅದನ್ನು ಮೊದಲು ಹೇಳಿ.

ದರದ ಪೈಪೋಟಿ ಒಂದು ಕಾಲಕ್ಕೆ ನಿಜವಾಗಿಯೂ ಇತ್ತು. ನಮ್ಮ ರಾಜ್ಯದಲ್ಲಿ ಸ್ಪೈಸ್ ಇತ್ತು, ಪಗ್ ನಾಯಿಯ ಹಚ್ ಇತ್ತು, ಏರ್‌ಸೆಲ್, ಡೊಕೊಮೊ, ರಿಲಯನ್ಸ್ ಎಲ್ಲ ಇದ್ದವು. ಸ್ಪೈಸ್, ಹಚ್ ಮೊದಲೇ ಇನ್ನೊಬ್ಬರ ಪಾಲಾಗಿದ್ದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಪುಕ್ಕಟೆ ಡೇಟಾ ಸುರಿದದ್ದೇ ತಡ, ಉಳಿದವುಗಳಲ್ಲಿ ಕೆಲವು ಮುಳುಗಿದವು, ಕೆಲವು ಇನ್ನೊಂದರ ಹೊಟ್ಟೆ ಸೇರಿದವು. ಉಳಿದದ್ದು ಖಾಸಗಿಯ ಮೂರು, ಸರ್ಕಾರದ್ದೊಂದು, ಬಿಎಸ್ಸೆನ್ನೆಲ್. ಮೂವರೇ ಮಾರುವವರಿರುವಲ್ಲಿ ಒಬ್ಬ ಬೆಲೆ ಏರಿಸಿದರೆ ಉಳಿದಿಬ್ಬರು ಏಕೆ ಸುಮ್ಮನಿರುತ್ತಾರೆ? ಪೋರ್ಟ್ ಮಾಡಿಸುತ್ತೇನೆ ಎಂಬ ನಮ್ಮ ಬೆದರಿಕೆಗೆ, ಬೆಲೆಯ ಮಟ್ಟಿಗಂತೂ, ಹಲ್ಲಿಲ್ಲ.

ಟವರ್ ವಿಷಯ ಹಾಗಲ್ಲ. ಅಲ್ಲಿ ವ್ಯತ್ಯಾಸ ರಾಜ್ಯ ರಾಜ್ಯಕ್ಕಲ್ಲ, ಓಣಿ ಓಣಿಗೆ ಇರುತ್ತದೆ. ಬೆಂಗಳೂರಿನಲ್ಲಿ ಕೂತು "ನಂದು ಸೂಪರ್ ನೆಟ್‌ವರ್ಕ್" ಎನ್ನುವ ಮಗ, ಹೊಸನಗರದ ಆಚೆಯ ಹಳ್ಳಿಯಲ್ಲಿರುವ ಅಪ್ಪನಿಗೂ ಅದೇ ಸಿಮ್ ತಂದುಕೊಡುತ್ತಾನೆ. ಆಮೇಲೆ ಅಪ್ಪನಿಗೆ ಫೋನು ಮಾಡಿದಾಗ ಮಗ ಕೇಳುವುದು ಒಂದೇ ಧ್ವನಿ: ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ, ಕರಾವಳಿಯ ಒಳಹಳ್ಳಿಗಳ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ಹಳ್ಳಿಗಳು ಬೋರ್ಡ್ ಹಾಕಿದ್ದೂ ನೆನಪಿರಬೇಕು.

ಕಾರಣ ಸರಳ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ಅಲೆಗಳು ದೂರ ಹೋಗುತ್ತವೆ, ಗೋಡೆಯನ್ನೂ ಅಷ್ಟಿಷ್ಟು ದಾಟುತ್ತವೆ. 2300, 3300ರ ಅಲೆಗಳು ಡೇಟಾ ಹೆಚ್ಚು ಹೊರುತ್ತವೆ, ಬೇಗ ಸುಸ್ತಾಗುತ್ತವೆ. ನಡುವೆ ಗುಡ್ಡ ಬಂದರೆ ಎಲ್ಲದಕ್ಕೂ ಕಷ್ಟ. ಜಗಲಿಯಲ್ಲಿ ನಾಲ್ಕು ಕಡ್ಡಿ ತೋರಿಸಿದ ಫೋನು ಒಳಮನೆಗೆ ಹೋದಾಗ ಒದ್ದಾಡುವುದು ಇದಕ್ಕೇ. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ. ಜಿಯೊಗೆ 2ಜಿ ಜಾಲವೇ ಇಲ್ಲ. ಅಜ್ಜಿಯ ಹಳೆಯ ಕೀಪ್ಯಾಡ್ ಸೆಟ್ಟಿಗೆ ಆ ಸಿಮ್ ಹಾಕಿ ಪ್ರಯೋಜನವಿಲ್ಲ, ಸೆಟ್ ಕೂಡ 4ಜಿಯದ್ದೇ ಬೇಕು.

ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು 2ಜಿ, 4ಜಿ, 5ಜಿ ಎಂದು ಬೇರೆ ಬೇರೆಯಾಗಿ ವೆಬ್‌ಸೈಟಿನಲ್ಲಿ ಹಾಕಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿಯಮ ಮಾಡಿದೆ. ನೋಡಿ, ತಪ್ಪಿಲ್ಲ. ಆದರೆ ನಕ್ಷೆಗೆ ನಿಮ್ಮ ಮನೆಯ ಗೋಡೆ ಗೊತ್ತಿಲ್ಲ. ಪಕ್ಕದ ಮನೆಯವರ ಫೋನು ತೆಗೆದುಕೊಂಡು ನಿಮ್ಮ ಮನೆಯೊಳಗೆ ಒಂದು ಕರೆ ಮಾಡಿ. ಪಾರ್ಸೆಲ್ ತರುವ ಹುಡುಗನನ್ನು ಕೇಳಿ, ಯಾವ ತಿರುವಿನಲ್ಲಿ ಯಾವ ಸಿಮ್ ಸಾಯುತ್ತದೆಂದು ಅವನಷ್ಟು ಬಲ್ಲವರಿಲ್ಲ.

ಬಿಎಸ್ಸೆನ್ನೆಲ್ಲನ್ನು ನಗೆಚಾಟಿಕೆಗೆ ಬಳಸುವವರು ಒಮ್ಮೆ ಘಟ್ಟದ ಒಳಗೆ ಬಂದು ನೋಡಲಿ. ಎಷ್ಟೋ ಕಡೆ ಇರುವುದೇ ಅದು. 2024ರಲ್ಲಿ ಅದು ದರ ಏರಿಸಲೂ ಇಲ್ಲ. ಅದರ ಸ್ವದೇಶಿ 4ಜಿ ಅಧಿಕೃತವಾಗಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು, ಉಳಿದವರು 5ಜಿ ಮಾರತೊಡಗಿ ಸುಮಾರು ಮೂರು ವರ್ಷದ ಮೇಲೆ. ಆ ಟವರ್‌ಗಳ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದ್ದು. ನಮ್ಮೂರ ಕಂಪನಿಯ ಉಪಕರಣ ನಮ್ಮ ಘಟ್ಟಕ್ಕೆ ತಲುಪಲು ಇಷ್ಟು ತಡವೇಕೆ ಎಂದು ಕೇಳುವ ಹಕ್ಕು ನಮಗಿದೆ. ಸರ್ಕಾರಿ ನಿಧಿಯಲ್ಲಿ ಕಟ್ಟಿದ 4ಜಿ ಟವರ್‌ಗಳನ್ನು ಒಂದಕ್ಕಿಂತ ಹೆಚ್ಚು ಕಂಪನಿಗಳ ಗ್ರಾಹಕರು ಬಳಸುವ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಗಿದೆ. ನನ್ನನ್ನು ಕೇಳಿದರೆ ಘಟ್ಟದ ರಸ್ತೆಗಳಲ್ಲಿ ಖಾಸಗಿ ಟವರ್‌ಗಳೂ ಹೀಗೆ ಎಲ್ಲರಿಗೂ ತೆರೆದಿರಬೇಕು. ಅಪಘಾತವಾದವನು ತನ್ನ ಸಿಮ್ ಯಾವುದೆಂದು ನೋಡಿಕೊಂಡು ಬೀಳುವುದಿಲ್ಲ.

ಈಗ ಕರೆನ್ಸಿಗೆ ಬರೋಣ. ಕಂಪನಿಯಿಂದ ಕಂಪನಿಗೆ ಹೋಲಿಸಿ ಉಳಿಯುವುದು ಚಿಲ್ಲರೆ. ಒಂದೇ ಕಂಪನಿಯ ಎರಡು ಪ್ಲಾನ್ ಹೋಲಿಸಿದರೆ ನೂರಾರು ರೂಪಾಯಿ ಉಳಿಯುತ್ತದೆ. 28 ದಿನವೆಂದರೆ ತಿಂಗಳಲ್ಲ, ವರ್ಷಕ್ಕೆ ಹದಿಮೂರು ಸಲ ಹಾಕಿಸಬೇಕು. ಏರ್‌ಟೆಲ್‌ನ 199ರ ಪ್ಲಾನ್ ಹೀಗೆ ವರ್ಷಕ್ಕೆ 2587 ರೂಪಾಯಿ ಆಗುತ್ತದೆ. ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್‌ನ ಪ್ಲಾನ್ ಕೊಡಲೇಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಕಟ್ಟಪ್ಪಣೆ ಮಾಡಿದ ಮೇಲೆ ಅದೇ ಏರ್‌ಟೆಲ್ 365 ದಿನಕ್ಕೆ 1849 ರೂಪಾಯಿಯ ಪ್ಲಾನ್ ತಂದಿತು. ಲೆಕ್ಕ ಹಾಕಿ, 738 ರೂಪಾಯಿ ಉಳಿತಾಯ. ಜಿಯೊ ತಂದದ್ದು 1748ಕ್ಕೆ, ಆದರೆ ಅದು 336 ದಿನಕ್ಕೆ. ಅವರ ಪಂಚಾಂಗದಲ್ಲಿ ವರ್ಷಕ್ಕೆ ಹನ್ನೆರಡು ತಿಂಗಳೇ, ತಿಂಗಳಿಗೆ ಮಾತ್ರ 28 ದಿನ! ಇವು 2025ರ ಜನವರಿಯ ದರಗಳು, ಹಾಕಿಸುವ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಕಂಪನಿ ತಾನಾಗಿ ಈ ಬರೀ ಮಾತಿನ ಪ್ಲಾನನ್ನು ಮುಂದಿಡುತ್ತದೆಂದು ಕಾಯಬೇಡಿ. ಆ್ಯಪಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಿನಿಮಾ, ಕ್ರಿಕೆಟ್ ಅಂಟಿಸಿದ ದುಬಾರಿ ಪ್ಲಾನೇ. ಅಂಗಡಿಯಲ್ಲಿ "ಮಾತಾಡೋಕೆ ಮಾತ್ರ, ನೆಟ್ ಬೇಡ" ಎಂದು ಬಾಯಿಬಿಟ್ಟು ಕೇಳಬೇಕು.

ಟವರ್ ಸಿಗದವರು ಪೋರ್ಟ್ ಮಾಡಿಸಲಿ. 'ಪೋರ್ಟ್' ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಸೇರಿಸಿ, 1900ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಕೋಡ್ ಬರುತ್ತದೆ, ಅದನ್ನು ಹೊಸ ಕಂಪನಿಗೆ ಕೊಡಬೇಕು. ರಾಜ್ಯದೊಳಗಾದರೆ ಮೂರು ಕೆಲಸದ ದಿನದಲ್ಲಿ ಮುಗಿಯಬೇಕು. ಈಗಿರುವ ಕಂಪನಿಗೆ ಸೇರಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ವರ್ಷದ ಪ್ಲಾನ್ ಹಾಕಿಸಿ ಮರುತಿಂಗಳೇ ಪೋರ್ಟ್ ಮಾಡಿದಿರೋ, ಉಳಿದ ದಿನಗಳು ಗೋವಿಂದ.

ಸೇವೆಯಲ್ಲಿ ಯಾರು ಮೇಲು ಎಂದು ಕೇಳಬೇಡಿ. "ಕನ್ನಡಕ್ಕಾಗಿ ಎರಡನ್ನು ಒತ್ತಿ" ಎಂದ ಮೇಲೆ ಮನುಷ್ಯನ ಧ್ವನಿ ಕೇಳುವ ಹೊತ್ತಿಗೆ ಕಾಫಿ ಆರಿರುತ್ತದೆ. ಆದರೂ 198ಕ್ಕೆ ಕರೆ ಮಾಡಿ ದೂರು ಬರೆಸಿ, ಡಾಕೆಟ್ ನಂಬರ್ ಕೇಳಿ ಪಡೆಯಿರಿ. ಅದಿಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಟ್ರಾಯ್‌ಗೆ ಬರೆದು ಫಲವಿಲ್ಲ, ಒಬ್ಬೊಬ್ಬರ ದೂರನ್ನು ಅದು ವಿಚಾರಿಸುವುದಿಲ್ಲ. ಜಿಲ್ಲಾ ಗ್ರಾಹಕರ ಆಯೋಗ ವಿಚಾರಿಸುತ್ತದೆ. ಟೆಲಿಕಾಂ ವ್ಯಾಜ್ಯಗಳೂ ಅದರ ವ್ಯಾಪ್ತಿಗೇ ಬರುತ್ತವೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಖಚಿತವಾಗಿ ಹೇಳಿದೆ. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.